ಭೂಕಂಪ ಒಂದು, ಲೆಕ್ಕ ಎರಡು: ವಿಕೋಪದ ನಷ್ಟವನ್ನು ದೇಶಗಳು ಅಳೆಯುವ ಬಗೆ

2023ರ ಫೆಬ್ರುವರಿ 6ರಂದು ಟರ್ಕಿಯ ಆಗ್ನೇಯ ಭಾಗದಲ್ಲಿ ಒಂದೇ ದಿನ ಎರಡು ಸಲ ಭಾರೀ ಭೂಕಂಪವಾಯಿತು. ಮೂರೇ ವಾರದಲ್ಲಿ ವಿಶ್ವಬ್ಯಾಂಕ್ ಒಂದು ಅಂಕಿ ಹೇಳಿತು: ಟರ್ಕಿಯಲ್ಲಿ ಆದ ಹಾನಿ 3,420 ಕೋಟಿ ಡಾಲರ್. ಮಾರ್ಚ್‌ನಲ್ಲಿ ಟರ್ಕಿ ಸರ್ಕಾರದ ವರದಿ ಬಂತು. ಅದರಲ್ಲಿದ್ದ ಮೊತ್ತ 10,360 ಕೋಟಿ ಡಾಲರ್. ಅದೇ ಭೂಕಂಪ, ಅದೇ ಊರುಗಳು, ಆದರೆ ಮೂರು ಪಟ್ಟು ವ್ಯತ್ಯಾಸ.

ಯಾರೋ ಒಬ್ಬರು ಲೆಕ್ಕ ತಪ್ಪಿದ್ದಾರೆ ಅನ್ನಿಸುತ್ತದೆ ಅಲ್ವಾ? ಹಾಗೇನೂ ಇಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಬಿದ್ದುಹೋದ ಮನೆ, ಆಸ್ಪತ್ರೆ, ರಸ್ತೆಗಳ ಬೆಲೆ ಎಷ್ಟು ಎಂದು ವಿಶ್ವಬ್ಯಾಂಕ್ ನೋಡಿತು. ಮತ್ತೆ ಕಟ್ಟುವ ಖರ್ಚು ಇದರ ಎರಡು ಪಟ್ಟು ಆಗಬಹುದು ಎಂದು ಆಗಲೇ ಹೇಳಿಯೂ ಇತ್ತು. ಸರ್ಕಾರ ನೋಡಿದ್ದು ದೇಶದ ಮೇಲೆ ಬಿದ್ದ ಒಟ್ಟು ಹೊರೆಯನ್ನು. ಅವಶೇಷ ತೆಗೆಯುವ ಖರ್ಚು, ತುರ್ತು ನೆರವು, ಬಾಗಿಲು ಹಾಕಿದ ವ್ಯಾಪಾರಿಗಳು ಕಳೆದುಕೊಂಡ ಆದಾಯ ಎಲ್ಲವೂ ಅದರೊಳಗಿತ್ತು.

ವಿಕೋಪದ ಸುದ್ದಿಯಲ್ಲಿ ಬರುವ ಪ್ರತಿ ಅಂಕಿಯ ಹಿಂದೆಯೂ ಹೀಗೊಂದು ಪ್ರಶ್ನೆ ಇರುತ್ತದೆ. ಅದು ಯಾವ ಪ್ರಶ್ನೆ ಅನ್ನುವುದು ಮಾತ್ರ ಸುದ್ದಿಯಲ್ಲಿ ಬರುವುದಿಲ್ಲ. ಎಣಿಸಿದವರು ಯಾರು, ಯಾವಾಗ ಎಣಿಸಿದರು, ಯಾತಕ್ಕಾಗಿ ಎಣಿಸಿದರು ಎಂಬುದರ ಮೇಲೆ ಮೊತ್ತ ಮೇಲೆ ಕೆಳಗೆ ಆಗುತ್ತದೆ.

ಹಾನಿ ಮತ್ತು ನಷ್ಟ

ಈ ಲೆಕ್ಕಕ್ಕೆ ಒಂದು ಕ್ರಮ ಬಂದದ್ದು 1972ರ ಡಿಸೆಂಬರ್ 23ರ ಭೂಕಂಪದ ನಂತರ. ಅಂದು ನಿಕರಾಗುವಾದ ರಾಜಧಾನಿ ಮನಾಗುವಾ ನೆಲಕಚ್ಚಿತು. ಲ್ಯಾಟಿನ್ ಅಮೆರಿಕದ ಆರ್ಥಿಕತೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಆಯೋಗ ಅಲ್ಲಿ ಲೆಕ್ಕಕ್ಕೆ ಕೂತಿತು. ಮುಂದಿನ ವರ್ಷಗಳಲ್ಲಿ ಒಂದೊಂದೇ ವಿಕೋಪದಲ್ಲಿ ಆ ವಿಧಾನವನ್ನು ತಿದ್ದುತ್ತ ಹೋಗಿ, 1991ರಲ್ಲಿ ಅದನ್ನು ಕೈಪಿಡಿಯಾಗಿ ಹೊರತಂದಿತು. ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪದ್ಧತಿಯ ಬೇರು ಅದೇ.

ಆ ಪದ್ಧತಿ ಹಾನಿ ಮತ್ತು ನಷ್ಟವನ್ನು ಎರಡು ಬೇರೆ ಕಾಲಂಗಳಲ್ಲಿ ಬರೆಯುತ್ತದೆ. ನೆರೆಯಲ್ಲಿ ಒಂದು ಹಸು ಕೊಚ್ಚಿಹೋಯಿತು ಅಂದುಕೊಳ್ಳಿ. ಹಸುವಿನ ಬೆಲೆ ಹಾನಿ. ಮುಂದಿನ ತಿಂಗಳುಗಳಲ್ಲಿ ಮಾರಬಹುದಾಗಿದ್ದ ಹಾಲಿನ ದುಡ್ಡು ನಷ್ಟ. ಹಾನಿ ನೀರು ಇಳಿಯುವಷ್ಟರಲ್ಲಿ ಮುಗಿದಿರುತ್ತದೆ. ನಷ್ಟ ಹಾಗಲ್ಲ, ಇನ್ನೊಂದು ಹಸು ಕೊಟ್ಟಿಗೆಗೆ ಬಂದು ಹಾಲು ಕೊಡುವವರೆಗೂ ಬೆಳೆಯುತ್ತಲೇ ಇರುತ್ತದೆ. ಸೇತುವೆ ಮುರಿದರೆ ಸೇತುವೆಯ ಬೆಲೆ ಹಾನಿ, ಲಾರಿಗಳು ಸುತ್ತು ಹಾಕಿ ಸುಡುವ ಡೀಸೆಲ್ ನಷ್ಟ. ಶಾಲೆ ಬಿದ್ದರೆ ಕಟ್ಟಡದ ಬೆಲೆ ಹಾನಿ, ತಾತ್ಕಾಲಿಕ ಶೆಡ್‌ಗೆ ಕೊಡುವ ಬಾಡಿಗೆ ನಷ್ಟ.

ಎರಡನ್ನೂ ಬೇರೆ ಮಾಡಿದರೆ ಏನು ಕಾಣುತ್ತದೆ ಎಂದು ತಿಳಿಯಲು ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದ ಹಾನಿ 51,700 ಕೋಟಿ ನೇಪಾಳಿ ರೂಪಾಯಿ, ನಷ್ಟ 18,900 ಕೋಟಿ. ಅಂದರೆ ನಾಲ್ಕರಲ್ಲಿ ಮೂರು ಪಾಲು ಹಾನಿಯೇ. ಕಾರಣ ಸರಳ, ಸುಮಾರು ಐದು ಲಕ್ಷ ಮನೆಗಳು ಪೂರ್ತಿ ಬಿದ್ದಿದ್ದವು. ಒಟ್ಟು ಮೊತ್ತದ ಅರ್ಧದಷ್ಟು ವಸತಿಗೆ ಸೇರಿದ್ದು.

2011ರ ಥಾಯ್ಲೆಂಡ್ ಪ್ರವಾಹದಲ್ಲಿ ತಕ್ಕಡಿ ಆ ಕಡೆ ವಾಲಿತು. ಹಾನಿ ಸುಮಾರು 63,000 ಕೋಟಿ ಬಾತ್, ನಷ್ಟ ಸುಮಾರು 79,500 ಕೋಟಿ ಬಾತ್. ನೀರು ನುಗ್ಗಿದ್ದು ದೊಡ್ಡ ದೊಡ್ಡ ಕೈಗಾರಿಕಾ ವಸಾಹತುಗಳಿಗೆ. ವಾರಗಟ್ಟಲೆ ನಿಂತ ನೀರಿನಲ್ಲಿ ಕಾರು, ಕಂಪ್ಯೂಟರ್ ಬಿಡಿಭಾಗಗಳ ಉತ್ಪಾದನೆ ನಿಂತುಹೋಯಿತು. ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ದೊಡ್ಡ ಪಾಲು ಅಲ್ಲೇ ತಯಾರಾಗುತ್ತಿದ್ದುದರಿಂದ ಬೇರೆ ಖಂಡಗಳಲ್ಲೂ ಅವುಗಳ ಬೆಲೆ ಏರಿತು. ಬೇರೆ ದೇಶದವರು ತೆತ್ತ ಆ ಜಾಸ್ತಿ ದುಡ್ಡು ಥಾಯ್ಲೆಂಡ್‌ನ ಲೆಕ್ಕದಲ್ಲಿ ಇಲ್ಲ. ಯಾವ ದೇಶದ ಲೆಕ್ಕದಲ್ಲೂ ಇಲ್ಲ.

ಇಷ್ಟರ ಮೇಲೆ ಮೂರನೆಯ ಅಂಕಿ ಒಂದಿದೆ: ಮತ್ತೆ ಎದ್ದು ನಿಲ್ಲಲು ಬೇಕಾದ ಹಣ. 2022ರ ನೆರೆಯ ನಂತರ ಪಾಕಿಸ್ತಾನದ ವರದಿಯಲ್ಲಿ ಮೂರೂ ಇದ್ದವು. ಹಾನಿ 1,490 ಕೋಟಿ ಡಾಲರ್, ನಷ್ಟ 1,520 ಕೋಟಿ, ಪುನರ್ನಿರ್ಮಾಣಕ್ಕೆ ಬೇಕಾದದ್ದು 1,630 ಕೋಟಿ. ಸುದ್ದಿಯಲ್ಲಿ ಒಬ್ಬರು ಮೊದಲೆರಡನ್ನು ಕೂಡಿ 3,000 ಕೋಟಿ ಅಂದರು, ಇನ್ನೊಬ್ಬರು 1,600 ಕೋಟಿ ಅಂದರು. ಮೊದಲೆರಡನ್ನು ಕೂಡಬಹುದು. ಮೂರನ್ನೂ ಕೂಡಿದರೆ ಮಾತ್ರ ಒಂದೇ ಮನೆಯನ್ನು ಎರಡು ಸಲ ಎಣಿಸಿದಂತೆ.

ಎರಡು ಸಲ ಎಣಿಸುವ ತಪ್ಪು ಈ ಕೆಲಸದಲ್ಲಿ ಬೆನ್ನಿಗೆ ಬಿದ್ದ ಭೂತದಂತೆ. ರೈತನ ಟೊಮೆಟೊ ಹೋಯಿತು, ಕೃಷಿ ತಂಡ ಅದನ್ನು ಬರೆದುಕೊಂಡಿತು. ಟೊಮೆಟೊ ಇಲ್ಲದೆ ಸಾಸ್ ಕಾರ್ಖಾನೆ ನಿಂತಿತು, ಕೈಗಾರಿಕಾ ತಂಡ ಸಾಸ್‌ನ ಪೂರ್ತಿ ಬೆಲೆ ಬರೆದುಕೊಂಡಿತು. ಸಾಸ್‌ನ ಬೆಲೆಯೊಳಗೆ ಟೊಮೆಟೊ ಬೆಲೆಯೂ ಇದೆ. ಆದ್ದರಿಂದ ಕಾರ್ಖಾನೆಯ ಪಾಲಿಗೆ ಅದು ತಾನಾಗಿ ಸೇರಿಸುತ್ತಿದ್ದ ಮೌಲ್ಯವನ್ನಷ್ಟೇ ಬರೆಯಬೇಕು.

ಬೆಲೆ ಕಟ್ಟುವುದರಲ್ಲೂ ತಕರಾರಿದೆ. ನಲವತ್ತು ವರ್ಷ ಹಳೆಯ ಮನೆ ಬಿದ್ದರೆ ಸವೆದ ಮನೆಯ ಮಾರುಕಟ್ಟೆ ಬೆಲೆ ಹಿಡಿಯಬೇಕೋ, ಅಂಥದ್ದೇ ಮನೆಯನ್ನು ಇವತ್ತು ಕಟ್ಟುವ ಖರ್ಚು ಹಿಡಿಯಬೇಕೋ? ಹೆಚ್ಚಿನ ದೇಶಗಳು ಈಗ ಎರಡನೆಯದನ್ನು ಹಿಡಿಯುತ್ತವೆ. ನನಗೂ ಅದೇ ಸರಿ ಅನ್ನಿಸುತ್ತದೆ. ಸವೆದ ಮನೆಯ ಬೆಲೆ ಕೈಗೆ ಕೊಟ್ಟರೆ ಯಾರೂ ಮನೆ ಕಟ್ಟಲಾಗುವುದಿಲ್ಲ.

2008ರಲ್ಲಿ ವಿಶ್ವಸಂಸ್ಥೆ, ವಿಶ್ವಬ್ಯಾಂಕ್, ಐರೋಪ್ಯ ಒಕ್ಕೂಟ ಮೂರೂ ಸೇರಿ ಒಂದೇ ವಿಧಾನದಲ್ಲಿ, ಒಂದೇ ತಂಡವಾಗಿ ಈ ಸಮೀಕ್ಷೆ ಮಾಡುವುದಾಗಿ ಒಪ್ಪಿಕೊಂಡವು. ಅದಕ್ಕೆ ಮುಂಚೆ ಒಬ್ಬೊಬ್ಬರು ಒಂದೊಂದು ವರದಿ ತರುತ್ತಿದ್ದರು, ನೆರವಿನ ಸಭೆಗಳಲ್ಲಿ ಅಂಕಿಗಳ ಜಗಳವೇ ಆಗುತ್ತಿತ್ತು.

ನೆಲದ ಮೇಲೆ ಕೆಲಸ

ಮೊದಲ ದಿನಗಳ ಅಂಕಿ ಬರುವುದು ಸ್ಥಳೀಯ ಅಧಿಕಾರಿಗಳು, ಪೊಲೀಸರು, ಆಸ್ಪತ್ರೆಗಳಿಂದ. ಅದೇ ಹೊತ್ತಿಗೆ ಉಪಗ್ರಹ ಚಿತ್ರಗಳೂ ಬರುತ್ತವೆ. ಭೂಕಂಪವಾದರೆ ಇನ್ನೊಂದು ದಾರಿಯಿದೆ. ನೆಲ ಎಲ್ಲಿ ಎಷ್ಟು ನಡುಗಿತು ಎಂಬ ನಕ್ಷೆ, ಅಲ್ಲಿ ಯಾವ ಬಗೆಯ ಕಟ್ಟಡ ಎಷ್ಟಿವೆ ಎಂಬ ಪಟ್ಟಿ, ಅಂಥ ಕಟ್ಟಡ ಅಷ್ಟು ನಡುಕಕ್ಕೆ ಎಷ್ಟು ಮುರಿಯುತ್ತದೆ ಎಂಬ ಹಿಂದಿನ ಅನುಭವ. ಮೂರನ್ನೂ ಸೇರಿಸಿ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುತ್ತಾರೆ. ಟರ್ಕಿಯ ವಿಷಯದಲ್ಲಿ ವಿಶ್ವಬ್ಯಾಂಕ್ ಅಷ್ಟು ಬೇಗ ಅಂಕಿ ಹೇಳಿದ್ದು ಹೀಗೆ. ನಿಖರ ಸಮೀಕ್ಷೆಗೆ ತಿಂಗಳುಗಳು ಬೇಕು, ಆದರೆ ಸಾಲ ಮತ್ತು ನೆರವಿನ ಮಾತುಕತೆ ಅಷ್ಟು ದಿನ ಕಾಯುವುದಿಲ್ಲ.

ಆಮೇಲೆ ವಸತಿ, ಕೃಷಿ, ಆರೋಗ್ಯ, ಶಿಕ್ಷಣ, ಸಾರಿಗೆ ಎಂದು ವಿಭಾಗಕ್ಕೊಂದು ತಂಡ ಹೊರಡುತ್ತದೆ. ಪ್ರತಿ ಮನೆ ಬಾಗಿಲಿಗೂ ಹೋಗುವುದಕ್ಕೆ ಆಗುವುದಿಲ್ಲ. ಆರಿಸಿಕೊಂಡ ಕೆಲವು ಕಡೆ ನೋಡಿ, ಮಿಕ್ಕಿದ್ದಕ್ಕೆ ಅಂದಾಜು ಕಟ್ಟುತ್ತಾರೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವಿಕೋಪಕ್ಕೆ ಮುಂಚಿನ ದಾಖಲೆ. ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದಿದ್ದರೆ ಎಷ್ಟು ಹೋಯಿತು ಎಂದು ಹೇಳುವುದಾದರೂ ಹೇಗೆ? 2010ರ ಜನವರಿ 12ರ ಭೂಕಂಪಕ್ಕೆ ಹೈಟಿಯ ರಾಜಧಾನಿಯಲ್ಲಿ ಅಧ್ಯಕ್ಷರ ಅರಮನೆಯ ಜೊತೆ ಬಹುತೇಕ ಸಚಿವಾಲಯಗಳ ಕಟ್ಟಡಗಳೂ ಕುಸಿದವು. ಲೆಕ್ಕ ಬರೆಯಬೇಕಾದ ಸರ್ಕಾರವೇ ಅವಶೇಷದ ಅಡಿಯಲ್ಲಿತ್ತು. ಹಾಗಿದ್ದೂ ಎರಡು ತಿಂಗಳಲ್ಲಿ ವರದಿ ಸಿದ್ಧವಾಯಿತು. ಹಾನಿ, ನಷ್ಟ ಸೇರಿ 780 ಕೋಟಿ ಡಾಲರ್. ಅದು ದೇಶದ ಹಿಂದಿನ ವರ್ಷದ ಜಿಡಿಪಿಗಿಂತ ಜಾಸ್ತಿ.

ಜಿಡಿಪಿಯ ಪಕ್ಕದಲ್ಲಿ ಇಟ್ಟು ನೋಡದಿದ್ದರೆ ಈ ಮೊತ್ತಗಳು ದಾರಿ ತಪ್ಪಿಸುತ್ತವೆ. 2017ರಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್‌ನ ಪುಟ್ಟ ದೇಶ ಡೊಮಿನಿಕಾಕ್ಕೆ ಮಾಡಿದ ಹಾನಿ ಮತ್ತು ನಷ್ಟ ಸುಮಾರು 130 ಕೋಟಿ ಡಾಲರ್. ದೊಡ್ಡ ದೇಶಗಳ ಮಟ್ಟಿಗೆ ಇದು ಸಣ್ಣ ಸಂಗತಿ. ಡೊಮಿನಿಕಾಕ್ಕೆ ಅದು ಜಿಡಿಪಿಯ ಶೇ 226. ದೇಶದ ಎರಡು ವರ್ಷಕ್ಕೂ ಮಿಕ್ಕಿದ ದುಡಿಮೆ ಒಂದೇ ರಾತ್ರಿಯಲ್ಲಿ ಹೋಗಿತ್ತು. ಅಂದಹಾಗೆ, ಜಿಡಿಪಿಯಷ್ಟನ್ನೇ ನೋಡಿಕೊಂಡು ಕೂತರೂ ಮೋಸವೇ. ಬಿದ್ದ ಮನೆಯನ್ನು ಜಿಡಿಪಿ ಕಳೆಯುವುದಿಲ್ಲ, ಆದರೆ ಮತ್ತೆ ಕಟ್ಟಲು ತಂದ ಸಿಮೆಂಟನ್ನು ಕೂಡಿಸಿಕೊಳ್ಳುತ್ತದೆ.

ಸತ್ತವರ ಎಣಿಕೆ

ಹಣದ ಲೆಕ್ಕದಲ್ಲಿ ಗೊಂದಲ ಇರುವುದು ಅರ್ಥವಾಗುತ್ತದೆ. ಸತ್ತವರ ಲೆಕ್ಕವಾದರೂ ನೇರವಾಗಿರಬೇಕಿತ್ತು. ಆದರೆ ಗೊಂದಲ ಇನ್ನೂ ಜಾಸ್ತಿ ಇರುವುದು ಇಲ್ಲೇ.

ಅದೇ ಮರಿಯಾ ಚಂಡಮಾರುತ ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊಗೂ ಬಡಿಯಿತು. ತಿಂಗಳುಗಟ್ಟಲೆ ಅಲ್ಲಿನ ಅಧಿಕೃತ ಸಾವಿನ ಸಂಖ್ಯೆ 64. ಮರಣ ಪ್ರಮಾಣಪತ್ರದಲ್ಲಿ ಚಂಡಮಾರುತದ ಹೆಸರಿದ್ದರೆ ಮಾತ್ರ ಲೆಕ್ಕಕ್ಕೆ ಸೇರುತ್ತಿತ್ತು. ಆದರೆ ಕರೆಂಟ್ ಇಲ್ಲದೆ ಡಯಾಲಿಸಿಸ್ ತಪ್ಪಿದವರು, ಆಮ್ಲಜನಕದ ಯಂತ್ರ ನಿಂತವರು, ರಸ್ತೆ ಮುಚ್ಚಿ ಆಸ್ಪತ್ರೆ ತಲುಪದವರು? ಅವರ ಪ್ರಮಾಣಪತ್ರದಲ್ಲಿ ಇರುವುದು ಕಿಡ್ನಿ ಅಥವಾ ಹೃದಯದ ಕಾಯಿಲೆ.

ಇಂಥವರನ್ನು ಹಿಡಿಯಲು ಇರುವ ದಾರಿ ಹೆಚ್ಚುವರಿ ಸಾವಿನ ಲೆಕ್ಕ. ಮಾಮೂಲಿ ವರ್ಷದಲ್ಲಿ ಈ ತಿಂಗಳುಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು, ಈ ಸಲ ಎಷ್ಟು ಜನ ಸತ್ತರು ಎಂದು ಹೋಲಿಸಿ ನೋಡುವುದು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹೀಗೆ ಆರು ತಿಂಗಳ ದಾಖಲೆ ನೋಡಿ 2,975 ಎಂದಿತು. 2018ರ ಆಗಸ್ಟ್‌ನಲ್ಲಿ ಪೋರ್ಟೊ ರಿಕೊ ಸರ್ಕಾರ ಅದನ್ನೇ ಅಧಿಕೃತ ಸಂಖ್ಯೆಯಾಗಿ ಒಪ್ಪಿಕೊಂಡಿತು. ಅದಕ್ಕೆ ಕೆಲವು ತಿಂಗಳ ಮುಂಚೆ ಹಾರ್ವರ್ಡ್ ತಂಡವೊಂದು 3,299 ಮನೆಗಳಲ್ಲಿ ವಿಚಾರಿಸಿ 4,645 ಎಂಬ ಅಂದಾಜು ಕೊಟ್ಟಿತ್ತು. ಪತ್ರಿಕೆಗಳು ಆ ಒಂದು ಅಂಕಿಯನ್ನು ಎತ್ತಿಕೊಂಡವು. ಆದರೆ ನಿಜ 793ರಿಂದ 8,498ರ ನಡುವೆ ಎಲ್ಲಾದರೂ ಇರಬಹುದು ಎಂದು ಆ ಅಧ್ಯಯನದಲ್ಲೇ ಇತ್ತು. ಅಷ್ಟು ಅಗಲದ ಅಂದಾಜಿನಿಂದ ನಡುವಿನ ಅಂಕಿಯೊಂದನ್ನೇ ಕಿತ್ತು ತಲೆಬರಹ ಮಾಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಜಪಾನ್ ಬೇರೆ ದಾರಿ ಹಿಡಿದಿದೆ. ಅಲ್ಲಿ 'ವಿಕೋಪ ಸಂಬಂಧಿ ಸಾವು' ಎಂಬ ಪ್ರತ್ಯೇಕ ಕಾಲಂ ಇದೆ. 1995ರ ಕೋಬೆ ಭೂಕಂಪದಿಂದ ಇದು ಬಳಕೆಗೆ ಬಂತು. ಆಶ್ರಯ ಶಿಬಿರದ ಚಳಿಯಲ್ಲಿ ನ್ಯುಮೋನಿಯಾ ಬಂದವರು, ಕಾರಿನಲ್ಲೇ ಮಲಗಿ ರಕ್ತ ಹೆಪ್ಪುಗಟ್ಟಿ ಸತ್ತವರು ಇದರಲ್ಲಿ ಸೇರುತ್ತಾರೆ. ಮನೆಯವರು ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕಬೇಕು. ವೈದ್ಯರು, ವಕೀಲರು ಇರುವ ಸಮಿತಿ ಒಂದೊಂದನ್ನೇ ಪರಿಶೀಲಿಸುತ್ತದೆ. ಒಪ್ಪಿದರೆ ಸಾಂತ್ವನ ಧನ ಸಿಗುತ್ತದೆ. ಸತ್ತವರು ಮನೆಗೆ ದುಡಿದು ಹಾಕುತ್ತಿದ್ದವರಾದರೆ ಗರಿಷ್ಠ 50 ಲಕ್ಷ ಯೆನ್, ಬೇರೆಯವರಾದರೆ 25 ಲಕ್ಷ. ದುಡ್ಡು ಸಿಗುವುದರಿಂದ ಜನ ಅರ್ಜಿ ಹಾಕುತ್ತಾರೆ, ಅರ್ಜಿ ಬರುವುದರಿಂದ ದಾಖಲೆ ಉಳಿಯುತ್ತದೆ. 2016ರ ಕುಮಾಮೊಟೊ ಭೂಕಂಪದಲ್ಲಿ ನೇರವಾಗಿ ಸತ್ತವರು 50 ಜನ. ಆಮೇಲೆ ಒಪ್ಪಿಕೊಂಡ ಸಂಬಂಧಿ ಸಾವುಗಳು 200ಕ್ಕೂ ಜಾಸ್ತಿ. ಈ ಕಾಲಂ ಇಲ್ಲದ ದೇಶದಲ್ಲಿ ಇದೇ ಭೂಕಂಪ ಆಗಿದ್ದರೆ ಐವತ್ತಕ್ಕೆ ಲೆಕ್ಕ ಮುಗಿಯುತ್ತಿತ್ತು.

ಹೈಟಿಯಲ್ಲಿ ಸಾವಿರಾರು ಶವಗಳನ್ನು ಗುರುತು ಹಿಡಿಯದೆ ಸಾಮೂಹಿಕವಾಗಿ ಹೂಳಲಾಯಿತು. ಸರ್ಕಾರ ಒಂದು ವರ್ಷದ ನಂತರ 3,16,000 ಎಂದಿತು. ಬೇರೆ ಕೆಲವು ಅಂದಾಜುಗಳು ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಈ ಅಂತರ ಇನ್ನು ತುಂಬುವ ಹಾಗಿಲ್ಲ.

ಬಿಸಿಗಾಳಿಯ ವಿಷಯದಲ್ಲಿ ಮುರಿದ ಮನೆಯಾಗಲಿ, ಅವಶೇಷವಾಗಲಿ ಕಾಣುವುದೇ ಇಲ್ಲ. 2003ರ ಬೇಸಿಗೆಯಲ್ಲಿ ಯುರೋಪ್‌ನಲ್ಲಿ 70,000ಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತಿದ್ದರು ಎಂದು ಗೊತ್ತಾದದ್ದು ವರ್ಷಗಳ ನಂತರ, ಮರಣ ನೋಂದಣಿ ಪುಸ್ತಕಗಳನ್ನು ಕೂಡಿ ಕಳೆದ ಮೇಲೆ. ಅಂಥ ಪುಸ್ತಕಗಳೇ ಸರಿಯಾಗಿ ಇಲ್ಲದ ಕಡೆ ಏನಾಗುತ್ತದೆ? ಅಂತರರಾಷ್ಟ್ರೀಯ ಡೇಟಾಬೇಸ್ ಒಂದರಲ್ಲಿ 1900ರಿಂದ ಈಚೆಗೆ ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ದಾಖಲಾದ ಬಿಸಿಗಾಳಿಗಳು ಎರಡೇ ಎರಡು ಎಂದು 2020ರ ಅಧ್ಯಯನವೊಂದು ತೋರಿಸಿತು. ಅಲ್ಲಿ ಬಿಸಿಲೇ ಬರಲಿಲ್ಲವೇ? ಬಂತು. ಬರೆದುಕೊಳ್ಳುವವರು ಇರಲಿಲ್ಲ.

ಯಾರ ಪುಸ್ತಕ, ಯಾವ ಜರಡಿ

ಆ ಡೇಟಾಬೇಸ್‌ನ ಹೆಸರು ಇಎಂ-ಡ್ಯಾಟ್. ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು 1988ರಿಂದ ಅದನ್ನು ನಡೆಸುತ್ತಿದೆ. ಹತ್ತು ಜನ ಸತ್ತಿರಬೇಕು, ಅಥವಾ ನೂರು ಜನ ತೊಂದರೆಗೆ ಸಿಕ್ಕಿರಬೇಕು, ಅಥವಾ ತುರ್ತು ಪರಿಸ್ಥಿತಿ ಘೋಷಣೆ ಆಗಿರಬೇಕು, ಅಥವಾ ಹೊರದೇಶದ ನೆರವು ಕೇಳಿರಬೇಕು. ಇವುಗಳಲ್ಲಿ ಒಂದಾದರೂ ಇದ್ದರೆ ಘಟನೆ ಒಳಗೆ ಬರುತ್ತದೆ. ದೇಶಗಳನ್ನು ಹೋಲಿಸಲು ಇದು ಅನುಕೂಲ. ಆದರೆ ಮೂರು ಜನರನ್ನು ಕೊಂದ ಭೂಕುಸಿತ, ಇಬ್ಬರನ್ನು ಬಲಿ ತೆಗೆದುಕೊಂಡ ಸಿಡಿಲು ಈ ಜರಡಿಯಲ್ಲಿ ಸೋರಿಹೋಗುತ್ತವೆ.

ಸಣ್ಣದ್ದನ್ನೂ ಹಿಡಿಯಬೇಕು ಎಂದು ಹೊರಟವರು ಲ್ಯಾಟಿನ್ ಅಮೆರಿಕದ ಸಂಶೋಧಕರು. 1994ರಲ್ಲಿ ಅವರು ಶುರುಮಾಡಿದ ಡೆಸ್‌ಇನ್ವೆಂಟಾರ್ ಪದ್ಧತಿಯಲ್ಲಿ ಕನಿಷ್ಠ ಮಿತಿಯೇ ಇಲ್ಲ. ಹಳೆಯ ಪತ್ರಿಕೆ, ಸ್ಥಳೀಯ ಕಚೇರಿಯ ಕಡತ ಹುಡುಕಿ, ಯಾವ ಊರಿನಲ್ಲಿ ಯಾವ ದಿನ ಏನಾಯಿತು ಎಂದು ಒಂದೊಂದನ್ನೂ ಬರೆಯುವುದು. ಈಗ ವಿಶ್ವಸಂಸ್ಥೆಯ ಬೆಂಬಲದಿಂದ ಎಷ್ಟೋ ದೇಶಗಳು ಇದನ್ನು ಬಳಸುತ್ತಿವೆ. ಹೀಗೆ ಬರೆದು ನೋಡಿದಾಗ ಗೊತ್ತಾದ ಸಂಗತಿ ಇದು: ಸಾವಿನಲ್ಲಿ ದೊಡ್ಡ ವಿಕೋಪಗಳದ್ದೇ ಸಿಂಹಪಾಲು, ಆದರೆ ಮನೆ, ಬೆಳೆ, ಹಳ್ಳಿಯ ರಸ್ತೆ, ಸಣ್ಣ ಸೇತುವೆಗಳನ್ನು ವರ್ಷವರ್ಷವೂ ತಿನ್ನುವುದು ಈ ಸುದ್ದಿಯಾಗದ ಘಟನೆಗಳು. ಬಡವರು ಪದೇಪದೇ ಸಾಲಕ್ಕೆ ಬೀಳುವುದೂ ಇಂಥವುಗಳಿಂದಲೇ.

ವಿಮಾ ಲೋಕದ ಪುಸ್ತಕ ಇನ್ನೊಂದು ಬಗೆಯದು. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಮ್ಯೂನಿಕ್ ರೀ ಕಂಪನಿಯ ಪ್ರಕಾರ 2024ರಲ್ಲಿ ವಿಕೋಪಗಳಿಂದ ಜಗತ್ತಿಗಾದ ಒಟ್ಟು ನಷ್ಟ 32,000 ಕೋಟಿ ಡಾಲರ್, ಅದರಲ್ಲಿ ವಿಮೆ ಇದ್ದದ್ದು 14,000 ಕೋಟಿಗೆ. ವಿಮೆ ಇದ್ದ ಕಡೆ ಬಿಲ್ಲು, ಫೋಟೊ, ಸಮೀಕ್ಷಕರ ವರದಿ ಎಲ್ಲ ಇರುತ್ತದೆ, ಆದ್ದರಿಂದ ಅಂಕಿ ಗಟ್ಟಿ. ವಿಮೆ ಇಲ್ಲದ ಕಡೆ ಅಂದಾಜೇ ಗತಿ. ಹಾಗಾಗಿ ಶ್ರೀಮಂತ ದೇಶಗಳ ನಷ್ಟ ನಕ್ಷೆಯಲ್ಲಿ ಎದ್ದು ಕಾಣುತ್ತದೆ, ಬಡ ದೇಶಗಳದ್ದು ಮಸುಕಾಗುತ್ತದೆ.

ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನೋಆ 1980ರಿಂದ ಈಚಿನ, ನೂರು ಕೋಟಿ ಡಾಲರ್ ದಾಟಿದ ವಿಕೋಪಗಳ ಪಟ್ಟಿ ಇಡುತ್ತಿತ್ತು. ಹಳೆಯ ಮೊತ್ತಗಳನ್ನು ಹಣದುಬ್ಬರಕ್ಕೆ ತಕ್ಕಂತೆ ಇಂದಿನ ಬೆಲೆಗೆ ತಂದು ಹೋಲಿಸುತ್ತಿದ್ದರು. 2023 ಒಂದರಲ್ಲೇ 28 ಘಟನೆಗಳು. ಇದನ್ನು ನೋಡಿ ಹವಾಮಾನವೇ ಅಷ್ಟು ಕೆಟ್ಟಿತು ಎಂದು ನೇರವಾಗಿ ಹೇಳಿಬಿಡುವುದು ಆತುರ. ಕರಾವಳಿಯಲ್ಲಿ, ಕಾಡಿನ ಅಂಚಿನಲ್ಲಿ ಮನೆಗಳೂ ಹೆಚ್ಚಿವೆ, ಅವುಗಳ ಬೆಲೆಯೂ ಏರಿದೆ. ಎರಡೂ ಕಾರಣ ಸೇರಿಕೊಂಡಿವೆ, ಬಿಡಿಸಿ ಹೇಳಲು ಬೇರೆ ಅಧ್ಯಯನವೇ ಬೇಕು. 2025ರ ಮೇ ತಿಂಗಳಲ್ಲಿ ಆ ಪಟ್ಟಿಗೆ ಹೊಸ ಘಟನೆ ಸೇರಿಸುವುದನ್ನು ನಿಲ್ಲಿಸುವುದಾಗಿ ನೋಆ ಪ್ರಕಟಿಸಿತು. ನಲವತ್ತು ವರ್ಷಕ್ಕೂ ಹೆಚ್ಚಿನ ಒಂದೇ ಅಳತೆಯ ದಾಖಲೆ ಹೀಗೆ ನಡುದಾರಿಯಲ್ಲಿ ನಿಲ್ಲುವುದು ದೊಡ್ಡ ಪೆಟ್ಟು.

ಇನ್ನು ದುಡ್ಡಿನ ಗೆರೆಗಳೂ ಇವೆ. ಐರೋಪ್ಯ ಒಕ್ಕೂಟ 2002ರಲ್ಲಿ ತೆರೆದ ಐಕಮತ್ಯ ನಿಧಿಯಿಂದ ದೊಡ್ಡ ವಿಕೋಪ ಎಂದು ನೆರವು ಸಿಗಬೇಕಾದರೆ ನೇರ ಹಾನಿ, 2011ರ ಬೆಲೆಯಲ್ಲಿ, 300 ಕೋಟಿ ಯೂರೋ ದಾಟಬೇಕು. ಇಲ್ಲವೇ ದೇಶದ ರಾಷ್ಟ್ರೀಯ ವರಮಾನದ ಶೇ 0.6 ದಾಟಬೇಕು. ಇಂಥ ಗೆರೆ ಇದ್ದಾಗ ಲೆಕ್ಕ ಶಿಸ್ತಾಗಿ ನಡೆಯುತ್ತದೆ, ನಿಜ. ಗೆರೆಯ ಹತ್ತಿರ ಬಂದ ಅಂಕಿಯನ್ನು ಸ್ವಲ್ಪ ತಳ್ಳುವ ಆಸೆಯೂ ಹುಟ್ಟುತ್ತದೆ. ಎಲ್ಲ ಕಡೆಯೂ ಇದು ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. ನೆರವು ಬೇಕಾದವರು ಅಂಕಿ ಹಿಗ್ಗಿಸಬಹುದು, ಹೆಸರು ಕೆಡುತ್ತದೆ ಅನ್ನುವವರು ಕುಗ್ಗಿಸಬಹುದು.

ಎಲ್ಲರಿಗೂ ಒಂದೇ ಅಳತೆ

2015ರ ಮಾರ್ಚ್‌ನಲ್ಲಿ ಜಪಾನಿನ ಸೆಂಡೈ ನಗರದಲ್ಲಿ ದೇಶಗಳು ಸೇರಿ ವಿಕೋಪದ ಅಪಾಯ ತಗ್ಗಿಸಲು 2030ರವರೆಗಿನ ಒಂದು ಚೌಕಟ್ಟು ಒಪ್ಪಿಕೊಂಡವು. ಅದರಲ್ಲಿ ಏಳು ಗುರಿಗಳು, ಅಳೆಯಲು 38 ಸೂಚಕಗಳು. ಲಕ್ಷ ಜನಸಂಖ್ಯೆಗೆ ಎಷ್ಟು ಸಾವು, ಎಷ್ಟು ಜನ ಸಂತ್ರಸ್ತರು, ಜಿಡಿಪಿಗೆ ಹೋಲಿಸಿದರೆ ಎಷ್ಟು ನಷ್ಟ, ಎಷ್ಟು ಆಸ್ಪತ್ರೆ, ಶಾಲೆ ಹಾಳಾದವು ಎಂದೆಲ್ಲ ದೇಶಗಳು 2018ರಿಂದ ಒಂದು ಆನ್‌ಲೈನ್ ವ್ಯವಸ್ಥೆಗೆ ತುಂಬುತ್ತಿವೆ. ಕಾಣೆಯಾದವರನ್ನು ಸತ್ತವರ ಜೊತೆಗೇ ಎಣಿಸುತ್ತಾರೆ. 2005ರಿಂದ 2015ರ ಸರಾಸರಿಗಿಂತ 2020ರಿಂದ 2030ರ ಸಾವಿನ ಸರಾಸರಿ ಕಡಿಮೆಯಾಗಬೇಕು ಎಂಬುದು ಗುರಿ. ತಮಾಷೆ ಎಂದರೆ, ಲೆಕ್ಕ ಚೆನ್ನಾಗಿ ಇಡಲು ಕಲಿತ ದೇಶದಲ್ಲಿ ಮೊದಮೊದಲು ಅಂಕಿ ಏರಿದಂತೆಯೇ ಕಾಣುತ್ತದೆ.

2023ರಲ್ಲಿ ದುಬೈ ಹವಾಮಾನ ಸಮಾವೇಶದಲ್ಲಿ, ಹವಾಮಾನ ಬದಲಾವಣೆಯ ಪೆಟ್ಟು ತಿಂದ ಬಡ ದೇಶಗಳಿಗೆ ನೆರವಾಗುವ 'ನಷ್ಟ ಮತ್ತು ಹಾನಿ' ನಿಧಿ ಕೆಲಸ ಶುರುಮಾಡಲು ಒಪ್ಪಿಗೆ ಸಿಕ್ಕ ಮೇಲೆ ಈ ದಾಖಲೆಗಳಿಗೆ ಬೆಲೆ ಇನ್ನೂ ಹೆಚ್ಚಿದೆ. ಹಣ ಕೇಳುವವರು ಪುರಾವೆ ತೋರಿಸಬೇಕು, ಆದರೆ ಹಣ ಹೆಚ್ಚು ಬೇಕಿರುವ ದೇಶಗಳಲ್ಲೇ ಪುಸ್ತಕ ತೆಳುವಾಗಿದೆ. ವಿಶ್ವಸಂಸ್ಥೆಯ ವಿಕೋಪ ತಗ್ಗಿಸುವ ಕಚೇರಿ, ಅಭಿವೃದ್ಧಿ ಕಾರ್ಯಕ್ರಮ, ವಿಶ್ವ ಹವಾಮಾನ ಸಂಸ್ಥೆ ಮೂರೂ ಸೇರಿ ಡೆಸ್‌ಇನ್ವೆಂಟಾರ್ ಜಾಗಕ್ಕೆ ಹೊಸ ವ್ಯವಸ್ಥೆ ತರುತ್ತಿರುವುದು ಇದೇ ಹೊತ್ತಿನಲ್ಲಿ. ಪ್ರತಿ ಚಂಡಮಾರುತ, ಪ್ರತಿ ಮಳೆಗೆ ಹವಾಮಾನ ಇಲಾಖೆ ಒಂದು ಗುರುತಿನ ಸಂಖ್ಯೆ ಕೊಡುವುದು, ಊರೂರಿನಿಂದ ಬಂದ ನಷ್ಟದ ವಿವರವನ್ನು ಆ ಸಂಖ್ಯೆಗೆ ಜೋಡಿಸುವುದು ಅದರ ಹಿಂದಿನ ಯೋಚನೆ. ಆಗ ಒಂದೇ ಚಂಡಮಾರುತವನ್ನು ಎರಡು ದೇಶಗಳು ಎರಡು ಘಟನೆಯಾಗಿ ಬರೆಯುವುದು ತಪ್ಪುತ್ತದೆ.

ಚಂಡಮಾರುತಕ್ಕೆ ಇದು ಸುಲಭ, ಹುಟ್ಟಿದ ದಿನ, ಅಡಗಿದ ದಿನ ಎರಡೂ ಗೊತ್ತಿರುತ್ತದೆ. ಬರಕ್ಕೆ ಹಾಗಿಲ್ಲ. ಸೊಮಾಲಿಯಾದಲ್ಲಿ 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ಸುಮಾರು 2,58,000 ಜನ ಹೆಚ್ಚುವರಿಯಾಗಿ ಸತ್ತರು ಎಂಬ ಅಂದಾಜಿದೆ. ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಬರದ ಜೊತೆ ಅಂತರ್ಯುದ್ಧವಿತ್ತು, ಆಹಾರದ ಬೆಲೆ ಏರಿತ್ತು, ನೆರವು ಒಳಗೆ ಹೋಗಲು ಬಿಡದ ಸಶಸ್ತ್ರ ಗುಂಪುಗಳಿದ್ದವು. ಇದರಲ್ಲಿ ಎಷ್ಟು ಸಾವನ್ನು ಮಳೆಯ ಖಾತೆಗೆ ಬರೆಯಬೇಕು, ಎಷ್ಟನ್ನು ಬಂದೂಕಿನ ಖಾತೆಗೆ ಬರೆಯಬೇಕು ಎಂಬುದಕ್ಕೆ ಗುರುತಿನ ಸಂಖ್ಯೆಯಲ್ಲಿ ಉತ್ತರ ಸಿಗುವುದಿಲ್ಲ.